ಆನಿವರ್ಸರಿಗೆ ಬೆಂಗಳೂರಿಗೆ ಹೋಗಿ ಅಲ್ಲೂ ಹಸಿರೇ ನೋಡ್ತೀರಾ?

ನಮಸ್ಕಾರ, ಎಲ್ಲಾ ಆರಾಮಾ? ಶಿವಮೊಗ್ಗದಲ್ಲಿ ಬೆಳಗ್ಗಿಂದ ಜಿಟಿಜಿಟಿ ಮಳೆ. ಹಿಂದ್ಗಡೆ ಶೀಟಿನ ಮೇಲೆ ಪಟಪಟ ಸದ್ದು ಕೇಳಿಸಿದ್ರೆ ಅದು ಮೈಕಿನ ದೋಷ ಅಲ್ಲ. ತೆಗೆಯೋಕೂ ಹೋಗಲ್ಲ, ನಿಮ್ಮನೇಲೂ ಅದೇ ಸದ್ದು ಇರುತ್ತೆ.

ಇವತ್ತು ಅಡಿಕೆ ರೇಟಿನ ಬಗ್ಗೆ ಮಾತಾಡೋಣ ಅಂತ ಬರೆದಿಟ್ಕೊಂಡಿದ್ದೆ. ಅದನ್ನ ಪಕ್ಕಕ್ಕಿಟ್ಟೆ. ಯಾಕಂದ್ರೆ ಹಿಂದಿನ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂತು. ಬರೆದೋರು ತೀರ್ಥಹಳ್ಳಿ ಕಡೆಯವರು. ಹೆಸರು ಹೇಳಲ್ಲ, ಒಳ್ಳೆ ಜನ, ಎಲ್ಲಾ ವಿಡಿಯೋಗೂ ಲೈಕ್ ಒತ್ತೋರು. ಸ್ಕ್ರೀನ್ ಮೇಲೆ ಹಾಕಪ್ಪಾ. "ಸರ್, ನಮ್ಮ ಹತ್ತನೇ ವರ್ಷದ ಆನಿವರ್ಸರಿ. ವೀಕೆಂಡಿಗೆ ಬೆಂಗಳೂರಿಗೆ ಹೋಗ್ತಿದೀವಿ. ಏರ್‌ಪೋರ್ಟಿಂದ ಆಚೆ ಒಂದು ನೇಚರ್ ರೆಸಾರ್ಟ್ ನೋಡಿದೀವಿ. ಸುತ್ತ ಹಸಿರು, ಪೂರ್ತಿ ಸೈಲೆಂಟು. ರೂಮಲ್ಲಿ ರೇನ್ ಶವರ್ ಇದೆ. ಹೊರಗೆ ಚಿಕ್ಕ ಫಾಲ್ಸ್ ಕೂಡ ಮಾಡಿದಾರೆ. ಬುಕ್ ಮಾಡ್ಲಾ?"

ಎಂತ ಮಾರಾಯ್ರೆ ಇದು!

ರೇನ್ ಶವರ್! ನೀವಿರೋ ತಾಲೂಕಲ್ಲೇ ಆಗುಂಬೆ ಇದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಹೊಯ್ಯುತ್ತೆ. ಬೆಂಗಳೂರಲ್ಲಿ ಹೆಚ್ಚುಕಮ್ಮಿ 1000 ಬಿದ್ರೆ ದೊಡ್ಡದು. ಅಂಥ ಊರಿಗೆ ಹೋಗಿ, ದುಡ್ಡು ಕೊಟ್ಟು, ನಲ್ಲಿಯಿಂದ ಮಳೆ ಬೀಳಿಸ್ಕೊಂಡು ನಿಂತ್ಕೊತೀರಾ? ಫಾಲ್ಸ್ ಅಂತೆ. ಜೋಗ ಇರೋ ಜಿಲ್ಲೆಯವರು ಸ್ವಾಮಿ ನಾವು. 253 ಮೀಟರ್ ಎತ್ತರದಿಂದ ಶರಾವತಿ ಬೀಳೋದನ್ನ ಸ್ಕೂಲ್ ಟ್ರಿಪ್ಪಿನಿಂದ ಹಿಡಿದು ನೆಂಟರು ಬಂದಾಗೆಲ್ಲ ನೋಡಿದೀವಿ. ಆ ರೆಸಾರ್ಟಿನ ಫಾಲ್ಸ್ ರಾತ್ರಿ ಹತ್ತಕ್ಕೆ ಸ್ವಿಚ್ ಆಫ್ ಮಾಡ್ತಾರೆ, ಗೊತ್ತಿರ್ಲಿ.

ನಾನು ಹೇಳೋದು ಒಂದೇ ಮಾತು. ಬೆಂಗಳೂರಿಗೆ ಹೋದ್ರೆ ಬೆಂಗಳೂರೊಳಗೆ ಉಳೀರಿ. ಊರ ಮಧ್ಯೆ, ಮೆಟ್ರೋ ಸ್ಟೇಷನ್ನಿಗೆ ನಡ್ಕೊಂಡು ಹೋಗೋ ದೂರದಲ್ಲಿ. ಸ್ಟಾರು ಎಷ್ಟು, ಪೂಲು ಎಷ್ಟುದ್ದ, ಬಫೆಯಲ್ಲಿ ಎಷ್ಟು ಐಟಮ್ಮು, ಅದೆಲ್ಲ ಆಮೇಲೆ.

ಲೆಕ್ಕ ಹಾಕಿ ನೋಡಿ. ಶನಿವಾರ ನಸುಕಲ್ಲೇ ಜನಶತಾಬ್ದಿ ಹತ್ತಿದ್ರೆ ಹತ್ತು ಗಂಟೆ ಹೊತ್ತಿಗೆಲ್ಲ ಬೆಂಗಳೂರು. ಯಶವಂತಪುರದಲ್ಲಿ ಇಳಿದ್ರೂ ಮೆಟ್ರೋ ಇದೆ, ಮೆಜೆಸ್ಟಿಕ್‌ನಲ್ಲಿ ಇಳಿದ್ರೂ ಮೆಟ್ರೋ ಇದೆ. ಆದ್ರೆ ಹೋಟೆಲಿನೋರು ರೂಮ್ ಕೊಡೋದು ಸಾಮಾನ್ಯವಾಗಿ ಮಧ್ಯಾಹ್ನ ಎರಡಕ್ಕೆ. ಮಧ್ಯೆ ನಾಲ್ಕು ಗಂಟೆ ಏನ್ಮಾಡ್ತೀರಿ? ಊರ ಮಧ್ಯೆ ಇದ್ರೆ ಬ್ಯಾಗ್ ರಿಸೆಪ್ಷನ್‌ನಲ್ಲಿ ಬಿಸಾಕಿ ಲಾಲ್‌ಬಾಗಿಗೆ ಹೋಗ್ಬಹುದು. ಪಕ್ಕದಲ್ಲೇ ಎಂಟಿಆರ್, 1924ರಿಂದ ಇರೋದು. ಕ್ಯೂ ಇರುತ್ತೆ, ನಿಲ್ಲಿ, ಆನಿವರ್ಸರಿ ಅಲ್ವಾ, ಮಾತಾಡೋಕೆ ಹೊತ್ತು ಸಿಗುತ್ತೆ. ರೆಸಾರ್ಟಿಗೆ ಹೋದೋರ ಗತಿ? ಸ್ಟೇಷನ್ನಿಂದ ಟ್ಯಾಕ್ಸಿ, ಹೆಬ್ಬಾಳದಲ್ಲಿ ಟ್ರಾಫಿಕ್ಕು, ಹನ್ನೆರಡಕ್ಕೆ ಗೇಟು ಮುಟ್ಟಿ, ರಿಸೆಪ್ಷನ್ ಸೋಫಾದ ಮೇಲೆ ಬ್ಯಾಗ್ ತಬ್ಕೊಂಡು ಕೂತು, ಸ್ಟ್ರಾ ಹಾಕಿದ ವೆಲ್‌ಕಮ್ ಡ್ರಿಂಕ್ ಕುಡೀತಾ ಎರಡು ಗಂಟೆ ಆಗೋದನ್ನ ಕಾಯೋದು. ಭಾನುವಾರ ಹನ್ನೊಂದಕ್ಕೆ ಖಾಲಿ ಮಾಡಿ ಅಂತ ಫೋನ್ ಬೇರೆ ಬರುತ್ತೆ. ಇಷ್ಟರಲ್ಲಿ ನೀವು ಬೆಂಗಳೂರು ನೋಡಿದ್ದು ಯಾವಾಗ? ಹೆಬ್ಬಾಳ ಫ್ಲೈಓವರ್ ಮೇಲೆ ನಿಂತಾಗ!

"ಸರ್, ನಾವು ಸೋಗಾನೆಯಿಂದ ವಿಮಾನದಲ್ಲಿ ಹೋಗೋರು" ಅಂತ ಕೆಲವ್ರು ಬರ್ತಾರೆ. ಸಂತೋಷ. 2023ರಲ್ಲಿ ನಮ್ಮೂರಿಗೂ ಏರ್‌ಪೋರ್ಟ್ ಬಂತು, ಕುವೆಂಪು ಹೆಸರಿಟ್ರು, ಖುಷಿಯಾಯ್ತು. ಆದ್ರೆ ನಿಮ್ಮನ್ನ ಇಳಿಸೋದು ದೇವನಹಳ್ಳಿಯಲ್ಲಿ. ಅಲ್ಲಿಂದ ಊರು ಮೂವತ್ತೈದು ಕಿಲೋಮೀಟರ್. ಇಳಿದ ಜಾಗದ ಪಕ್ಕದಲ್ಲೇ ರೂಮ್ ಮಾಡ್ಕೊಂಡ್ರೆ ಬೆಂಗಳೂರಿಗೆ ಹೋಗಿದ್ವಿ ಅಂತ ಹೇಳ್ಕೋಬೇಡಿ, ದೇವನಹಳ್ಳಿಗೆ ಹೋಗಿದ್ವಿ ಅನ್ನಿ. ಟಿಪ್ಪು ಹುಟ್ಟಿದ ಊರು, ಕೋಟೆ ಇದೆ, ನೋಡ್ಕೊಂಡು ಬನ್ನಿ.

ನಮ್ಮ ವಿನೋಬನಗರದ ದಂಪತಿ ಒಬ್ರು ಇಂಥದ್ದೇ ಜಾಗಕ್ಕೆ ಹೋಗಿ ಬಂದ್ರು. ಯಾವ ರೆಸಾರ್ಟು ಅಂತ ಕೇಳ್ಬೇಡಿ, ಹೇಳಲ್ಲ. ಅವ್ರು ತೋರಿಸಿದ ಫೋಟೋ ನೋಡ್ಬೇಕಿತ್ತು ನೀವು. ಮಂಚದ ಮೇಲೆ ಟವೆಲ್ ಮಡಚಿ ಎರಡು ಹಂಸ. ಒಂದರ ಕತ್ತು ಸರಿಯಾಗಿ ನಿಂತಿಲ್ಲ, ಇನ್ನೊಂದರ ಬೆನ್ನ ಮೇಲೆ ಬಿದ್ಕೊಂಡಿದೆ. ಸುತ್ತ ಗುಲಾಬಿ ಪಕಳೆಯಲ್ಲಿ ಹಾರ್ಟು. ಕೂತ್ಕೋಬೇಕಂದ್ರೆ ಮೊದ್ಲು ಪಕಳೆ ಗುಡಿಸ್ಬೇಕು, ಗುಡಿಸಿದ್ದನ್ನ ಹಾಕೋಕೆ ಡಸ್ಟ್‌ಬಿನ್ ಬಾತ್‌ರೂಮಲ್ಲಿದೆ, ಅಲ್ಲಿ ನೆಲ ಒದ್ದೆ, ಪಕಳೆ ಎಲ್ಲ ಅಂಗಾಲಿಗೆ ಅಂಟ್ಕೊಂಡು ಮತ್ತೆ ಮಂಚಕ್ಕೇ ಬಂದ್ವಂತೆ. ಕೇಕ್ ಬಂತು. ಮೇಲೆ ಕ್ರೀಮಲ್ಲಿ ಹ್ಯಾಪಿ ಬರ್ತ್‌ಡೇ. ಹೋಗ್ಲಿ ಬಿಡಿ, ತಿನ್ನೋಕೆ ಅಡ್ಡಿ ಇಲ್ಲ. ಆದ್ರೆ ಆ ಸೈಲೆಂಟ್ ಅಂದ್ರಲ್ಲ? ಶನಿವಾರ ಸಂಜೆ ಯಾವುದೋ ಕಂಪನಿಯ ಟೀಮ್ ಔಟಿಂಗ್. ಲಾನಿನಲ್ಲಿ ಹಗ್ಗ ಜಗ್ಗಾಟ, ಆಮೇಲೆ ಡಿಜೆ. ವೀಕೆಂಡಲ್ಲಿ ಊರಾಚೆಯ ರೆಸಾರ್ಟ್ ಬದುಕೋದೇ ಇಂಥ ಗುಂಪುಗಳಿಂದ ಮಾರಾಯ್ರೆ! ನೀವಿಬ್ರು ಅಲ್ಲಿ ಉಪ್ಪಿನಕಾಯಿ ಲೆಕ್ಕ.

ಉಪ್ಪಿನಕಾಯಿ ಅಂದ ತಕ್ಷಣ ನೆನಪಾಯ್ತು. ಮನೆಯವಳು ಈ ಸಲ ಅಪ್ಪೆಮಿಡಿ ಹಾಕಿದಾಳೆ. ಜೀರಿಗೆ ಪರಿಮಳದ ಮಿಡಿ, ಹೊಳೆ ಸಾಲಿನ ಮರದ್ದು, ಕೈಯಲ್ಲೇ ಕೊಯ್ಸಿದ್ದು. ಕೆಳಗೆ ವಾಟ್ಸಾಪ್ ಲಿಂಕ್ ಇದೆ, ಬೆಂಗಳೂರಿಗೂ ಕಳಿಸ್ತೀವಿ. ಸಬ್‌ಸ್ಕ್ರೈಬ್ ಮಾಡದೇ ಉಪ್ಪಿನಕಾಯಿ ಮಾತ್ರ ತರಿಸ್ಕೊಳ್ಳೋರನ್ನೂ ನೋಡಿದೀನಿ, ದೇವ್ರು ಒಳ್ಳೇದು ಮಾಡ್ಲಿ.

ಎಲ್ಲಿದ್ದೆ? ಹಾಂ, ಊರೊಳಗೆ ಉಳೀರಿ. ದುಬಾರಿ ಅಂತೀರಿ. ದುಬಾರಿ ಆಗೋದು ಎಲ್ಲಿ ಅಂತ ಹೇಳ್ತೀನಿ ಕೇಳಿ, ಇದು ಬಹಳ ಜನಕ್ಕೆ ಗೊತ್ತಿಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇಕಡಾ 5. ಅದನ್ನ ದಾಟಿದ್ರೆ ಶೇಕಡಾ 18. ಅಂದ್ರೆ 7500ರ ರೂಮು ನಿಮಗೆ 7875ಕ್ಕೆ ಬೀಳುತ್ತೆ. 7600ರದ್ದು 8968ಕ್ಕೆ! ನೂರು ರೂಪಾಯಿ ಜಾಸ್ತಿ ರೂಮಿಗೆ ಸಾವಿರದ ಮೇಲೆ ಕಕ್ಕಬೇಕು. ಆ್ಯಪಲ್ಲಿ ಮೊದಲ ಪೇಜಿನಲ್ಲಿ ಟ್ಯಾಕ್ಸ್ ಬಿಟ್ಟು ತೋರಿಸ್ತಾರೆ, ಕೊನೇ ಪೇಜಿನಲ್ಲಿ ಎದೆ ಧಸಕ್ಕನ್ನುತ್ತೆ. ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಅಂತ ಇದ್ರೆ ತೆಗೀರಿ ಅನ್ನಿ. ಅದು ಕಡ್ಡಾಯ ಅಲ್ಲ, 2022ರಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟೂ ಎತ್ತಿಹಿಡಿದಿದೆ. ಊರಾಚೆ ರೆಸಾರ್ಟಲ್ಲಿ ಮೂರು ಹೊತ್ತೂ ಅಲ್ಲೇ ತಿನ್ಬೇಕು, ಬೇರೆ ದಾರಿ ಇಲ್ಲ. ಒಂದು ಕಾಫಿಗೂ ಅವ್ರು ಹೇಳಿದ್ದೇ ರೇಟು. ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಇದ್ರೆ ಹೊರಗೆ ಕಾಲಿಟ್ರೆ ಕಾಫಿ. ಬಸವನಗುಡಿಯಲ್ಲೂ ಒಂದು ಗಾಂಧಿ ಬಜಾರ್ ಇದೆ, ನಮ್ಮ ಶಿವಮೊಗ್ಗದಲ್ಲಿ ಇರೋ ಹಾಗೇ. ವಿದ್ಯಾರ್ಥಿ ಭವನ ಅಲ್ಲೇ ಇರೋದು, ಶುಕ್ರವಾರ ಬಾಗಿಲು ಹಾಕಿರ್ತಾರೆ, ನೋಡ್ಕೊಂಡು ಹೋಗಿ. ಆ ದೋಸೆ ದೊಡ್ಡದೋ ನಮ್ಮ ಮೀನಾಕ್ಷಿ ಭವನದ್ದು ದೊಡ್ಡದೋ ಅನ್ನೋ ಜಗಳ ಇಲ್ಲಿ ಬೇಡ. ಮೀನಾಕ್ಷಿ ಭವನದ್ದೇ. ಮುಗೀತು.

ಇನ್ನು ಸಂಜೆ. ಆನಿವರ್ಸರಿ ಅಂದ್ರೆ ಸಂಜೆ ತಾನೇ? ರಂಗಶಂಕರದಲ್ಲಿ ನಾಟಕ ನೋಡ್ಬಹುದು. ಏಳೂವರೆ ಅಂದ್ರೆ ಏಳೂವರೆಗೆ ಬಾಗಿಲು ಹಾಕ್ತಾರೆ, ಮಂತ್ರಿ ಬಂದ್ರೂ ತೆಗೆಯಲ್ಲ. ದೇವನಹಳ್ಳಿ ಆಚೆಯಿಂದ ಹೊರಟು ಜೆ.ಪಿ. ನಗರಕ್ಕೆ ಏಳೂವರೆಗೆ ಮುಟ್ಟಿ ನೋಡೋಣ! ಎಂ.ಜಿ. ರೋಡ್ ಹತ್ರ ಇದ್ರೆ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳು ಕಾಲ್ನಡಿಗೆ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡಲ್ಲ, ಇಬ್ರೂ ರಸ್ತೆ ಮಧ್ಯದಲ್ಲೇ ನಡೀಬಹುದು. ಸಂಜೆ ವಿಧಾನಸೌಧಕ್ಕೆ ದೀಪ. ನಮ್ಮ ಜಿಲ್ಲೆ ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಯಡಿಯೂರಪ್ಪ ಅಂತ ಆ ಕಟ್ಟಡಕ್ಕೆ ಸಾಲಾಗಿ ಮುಖ್ಯಮಂತ್ರಿಗಳನ್ನ ಕಳಿಸಿದೆ, ನೀವು ಹೋಗಿ ಒಂದು ಸೆಲ್ಫಿಯಾದ್ರೂ ತಗೊಂಡು ಬನ್ನಿ! ಅದು ಬಿಟ್ಟು ಲಾನಿನಲ್ಲಿ ಕೂತು ಸೊಳ್ಳೆ ಹೊಡೀತೀರಾ? ಸೊಳ್ಳೆ ಹೊಡೆಯೋಕೆ ತೋಟ ಇಲ್ವಾ ನಿಮ್ಗೆ?

ಕೆಲವ್ರು ಹೇಳ್ತಾರೆ, ಊರ ಮಧ್ಯೆ ಗಲಾಟೆ, ನಿದ್ದೆ ಬರಲ್ಲ. ಬುಕ್ ಮಾಡೋ ಮೊದ್ಲು ಹೋಟೆಲಿಗೇ ನೇರ ಫೋನ್ ಮಾಡಿ, ರಸ್ತೆ ಕಡೆ ಬೇಡ, ಹಿಂದ್ಗಡೆ, ಮೇಲಿನ ಫ್ಲೋರಲ್ಲಿ ಕೊಡಿ ಅನ್ನಿ. ಪಬ್ ಇರೋ ಬಿಲ್ಡಿಂಗಾ ಅಂತ ಕೇಳಿ. ಕಿಟಕಿ ಇದೆಯಾ ಅಂತಾನೂ ಕೇಳಿ, ನಗಬೇಡಿ. ಸಿಟಿ ವ್ಯೂ ಅಂತ ಬರೆದು ಪರದೆ ಸರಿಸಿದ್ರೆ ಎದುರು ಬಿಲ್ಡಿಂಗಿನ ಎಸಿ ಡಬ್ಬ ಕಾಣೋ ರೂಮುಗಳಿವೆ. ಹೋಟೆಲಿನೋರು ಹಾಕಿದ ಫೋಟೋ ನೋಡ್ಬೇಡಿ, ಉಳಿದು ಬಂದೋರು ಹಾಕಿದ್ದು ನೋಡಿ. ಇಷ್ಟು ಮಾಡಿದ್ರೆ ನಿದ್ದೆ ಬರುತ್ತೆ. ಆದ್ರೂ ಬರ್ಲಿಲ್ಲ ಅಂದ್ರೆ ಅದಕ್ಕೆ ಹೋಟೆಲ್ ಹೊಣೆ ಅಲ್ಲ.

"ಸರ್, ಹಸಿರು ಇಲ್ದಿದ್ರೆ ನಮ್ಮನೆಯವ್ರಿಗೆ ಆಗಲ್ಲ." ಅಯ್ಯೋ, ಹಾಗಿದ್ರೆ ಮನೇಲೇ ಇರಿ! ಕವಲೇದುರ್ಗ ಹತ್ತಿ, ಕುಂದಾದ್ರಿ ಮೇಲೆ ಹೋಗಿ ಕೂರಿ. ಹಸಿರು ನೋಡೋಕೆ ಮುನ್ನೂರು ಕಿಲೋಮೀಟರ್ ಯಾಕ್ರೀ? ಹಸಿರೂ ಬೇಕು, ಬೆಂಗಳೂರೂ ಬೇಕು, ದುಡ್ಡೂ ಇದೆ ಅಂದ್ರೆ ರೇಸ್ ಕೋರ್ಸ್ ರಸ್ತೆಯಲ್ಲಿ ತಾಜ್ ವೆಸ್ಟ್ ಎಂಡ್ ಇದೆ. 1887ರದ್ದು, ಇಪ್ಪತ್ತು ಎಕರೆ, ಹಳೇ ಹಳೇ ಮರ. ರೇಟ್ ನೀವೇ ನೋಡ್ಕೊಳಿ, ನಾನು ಹೇಳಿದ್ರೆ ಮನೆಯವ್ರು ನನ್ನ ಬೈತಾರೆ.

ಇನ್ನೊಂದು ಜಾತಿ ಇದೆ. "ವಿಜಯನಗರದಲ್ಲಿ ದೊಡ್ಡಮ್ಮನ ಮನೆ ಇದೆಯಲ್ಲ, ಹೋಟೆಲ್ ಎಂತಕ್ಕೆ?" ಹೋಗಿ, ಹೋಗಿ. ಹಾಲಲ್ಲಿ ಟಿವಿ ಕೆಳಗೆ ಹಾಸಿಗೆ ಹಾಸ್ತಾರೆ. ಬೆಳಗ್ಗೆ ಐದೂವರೆಗೆ ದೊಡ್ಡಪ್ಪ ಸುಪ್ರಭಾತ ಹಾಕ್ತಾರೆ. ಊರಿಂದ ಕಾಯಿ ತಂದ್ರಾ, ಮೆಣಸು ತಂದ್ರಾ, ಆ ಜಾಗದ ಕೇಸು ಏನಾಯ್ತು. ಒಳ್ಳೆ ಆನಿವರ್ಸರಿ! ಆದ್ರೂ ಒಂದು ಮಾತು ಹೇಳ್ತೀನಿ, ಆ ದೊಡ್ಡಮ್ಮನ ಮನೆ ಮೆಟ್ರೋ ಪಕ್ಕದಲ್ಲಿದೆ. ಆ ಲೆಕ್ಕದಲ್ಲಿ ನಿಮ್ಮ ಫಾಲ್ಸ್ ರೆಸಾರ್ಟಿಗಿಂತ ದೊಡ್ಡಮ್ಮನೇ ವಾಸಿ. ನಾನು ತಮಾಷೆ ಮಾಡ್ತಿಲ್ಲ!

"ನಮ್ಮದೇ ಕಾರಿದೆ ಸರ್." ಗೊತ್ತು, ಕಾರಿದೆ. ಹೊಸದು, ಸನ್‌ರೂಫ್ ಇದೆ, ಅದೂ ಗೊತ್ತು. ಗೊರಗುಂಟೆಪಾಳ್ಯದ ಟ್ರಾಫಿಕ್ಕಲ್ಲಿ ಸನ್‌ರೂಫ್ ತೆಗೆದು ನಿಂತ್ಕೊಳಿ. ಕಾರಿದೆ ಅಂತೆ.

ನೋಡಿ, ನಂಗೆ ಸಿಟ್ಟು ಬರೋದು ಇದಕ್ಕೇ. ಹತ್ತು ವರ್ಷ ಸಂಸಾರ ಮಾಡಿದೀರಿ. ತೋಟ, ಕೊಟ್ಟಿಗೆ, ಮಕ್ಕಳ ಫೀಸು, ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ. ಎರಡು ದಿನ ಸಿಕ್ಕಿದೆ. ಆ ಎರಡು ದಿನಾನೂ ಮರ ನೋಡ್ತೀನಿ, ಮಳೆ ನೋಡ್ತೀನಿ ಅಂದ್ರೆ ಏನರ್ಥ? ಜನ ನೋಡಿ! ಲೈಟ್ ನೋಡಿ! ಮೆಟ್ರೋ ಹತ್ತಿ! ಇದಕ್ಕೆ ಕಾರಣ ಬೇರೆ ಕೊಡ್ಬೇಕಾ ನಾನು? ಬರೆದಿಟ್ಕೊಂಡಿದ್ದ ಪಾಯಿಂಟೆಲ್ಲ ಮುಗೀತು, ಇನ್ನೂ ಬೇಕಂದ್ರೆ ಇಷ್ಟೇ: ಊರೊಳಗೆ ಉಳೀರಿ, ಊರೊಳಗೆ, ಊ-ರೊ-ಳ-ಗೆ! ನಾನು ಹೇಳ್ತಿದೀನಲ್ಲ, ಸಾಲದಾ?

(ಏನಪ್ಪಾ? ಹಾಂ? ಲೈವ್ ಚಾಟಲ್ಲಿ ಯಾರೋ ಕೇಳ್ತಿದಾರಾ? ಓದು.) "ಸರ್, ಅಲ್ಲಿ ಪೂಲ್ ಇರುತ್ತಾ?" ಈಜು ಬರುತ್ತಾ ನಿಮ್ಗೆ? ಮೊಣಕಾಲವರೆಗೆ ಪ್ಯಾಂಟ್ ಮಡಚಿ ಅಂಚಲ್ಲಿ ಕೂರ್ತೀರಿ ಅಷ್ಟೇ ತಾನೇ! ನಂಗೆ ಗೊತ್ತು!

ಸರಿ, ಬ್ಯಾಟರಿ ಕೆಂಪು ತೋರಿಸ್ತಿದೆ, ಕರೆಂಟ್ ಹೋಗಿ ಆಗ್ಲೇ ಹೊತ್ತಾಯ್ತು. ತೀರ್ಥಹಳ್ಳಿಯವ್ರೇ, ಯಾವ ಹೋಟೆಲ್ ಬುಕ್ ಮಾಡಿದ್ರಿ ಅಂತ ಕೆಳಗೆ ಹಾಕಿ, ಹತ್ತಿರದ ಸ್ಟೇಷನ್ ಹೆಸರೂ ಹಾಕಿ, ನಾನು ಮ್ಯಾಪಲ್ಲಿ ಅಳೆದು ನೋಡ್ತೀನಿ. ಅಡಿಕೆ ರೇಟು ಮುಂದಿನ ವಾರ. ಅಪ್ಪೆಮಿಡಿ ಅರ್ಧ ಕೆಜಿ ಬಾಟ್ಲಿ ಕಡಿಮೆ ಉಳಿದಿದೆ, ಬೇಗ ಹೇಳಿ.