ಮೇಲ್ಪದರದ ಬಿಗಿತ ಅಳೆಯುವುದು

ಕೇಳುಗರಿಗೆ ನಮಸ್ಕಾರ.

ಪುಣೆ ಹತ್ತಿರದ ಭೋಸರಿ, ಚಾಕಣದ ಶಾಪುಗಳಲ್ಲಿ ಗೇರು, ಶಾಫ್ಟು ಗ್ರೈಂಡ್ ಮಾಡುವ ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರಿಗೆ ಇದು ಹೊಸದಲ್ಲ: ಸೈಜು ಸರಿ, ಹಾರ್ಡ್‌ನೆಸ್ ಸರಿ, ಇನ್‌ಸ್ಪೆಕ್ಷನ್ ಪಾಸು. ಆದರೂ ಶಾಫ್ಟು ಬಿರುಕು ಬಿಡುತ್ತದೆ. ಹೊರಗಿನ ಭಾರ ಇಲ್ಲದಾಗಲೂ ಲೋಹದೊಳಗೆ ಉಳಿದಿರುವ ಬಿಗಿತವೇ ರೆಸಿಡ್ಯುಯಲ್ ಸ್ಟ್ರೆಸ್. ಗ್ರೈಂಡಿಂಗಿನ ಕಾವಿಗೆ ಮೇಲ್ಪದರ ಹಿಗ್ಗಲು ನೋಡುತ್ತದೆ, ಒಳಗಿನ ತಣ್ಣನೆಯ ಲೋಹ ಬಿಡುವುದಿಲ್ಲ, ಪದರ ಅಲ್ಲೇ ಅದುಮಿ ಹೋಗುತ್ತದೆ. ಆರಿದ ಮೇಲೆ ಅದಕ್ಕೆ ಉದ್ದ ಸಾಲದು, ಎಳೆತದಲ್ಲೇ ನಿಲ್ಲುತ್ತದೆ. ಬಿರುಕಿಗೆ ಬೇಕಾದದ್ದೂ ಅದೇ. ಸಣ್ಣ ಗುಂಡುಗಳನ್ನು ಮೇಲ್ಮೈಗೆ ಬಡಿಯುವ ಶಾಟ್ ಪೀನಿಂಗಿನಲ್ಲಿ ಇದರ ತಿರುಗುಮುರುಗು: ಮೇಲ್ಪದರ ಒತ್ತಡದಲ್ಲಿ, ಅಂದರೆ ಅದುಮಿದ ಸ್ಥಿತಿಯಲ್ಲಿ, ನಿಲ್ಲುತ್ತದೆ.

ಎಕ್ಸ್-ರೇ ಯಂತ್ರ ಹರಳಿನ ಪದರಗಳ ನಡುವಿನ ಅಂತರ ನೋಡಿ ಸ್ಟ್ರೆಸ್ ಲೆಕ್ಕ ಹಾಕುತ್ತದೆ. ಉಕ್ಕಿಗೆ ಕ್ರೋಮಿಯಂ ಟ್ಯೂಬು, ಚದುರಿದ ಕಿರಣ ಜೋರಾಗಿ ಕಾಣುವ ಶಿಖರ 156 ಡಿಗ್ರಿ ಕೋನದ ಹತ್ತಿರ. ಆದರೆ ಅದು ನೋಡುವುದು ಸುಮಾರು 5 ಮೈಕ್ರಾನ್ ಆಳ ಮಾತ್ರ. ಗ್ರೈಂಡಿಂಗಿನ ಕೊನೆಯ ಹಗುರ ಸುತ್ತು ಮೇಲೆ ಒತ್ತಡ ಬಿಟ್ಟು, ಕೆಳಗಿನ ಎಳೆತವನ್ನು ಮುಚ್ಚಿಟ್ಟಿರಬಹುದು. ಅದಕ್ಕೇ ಎಲೆಕ್ಟ್ರೋಪಾಲಿಶ್‌ನಿಂದ, ಅಂದರೆ ದ್ರಾವಣದಲ್ಲಿ ಕರೆಂಟು ಹಾಯಿಸಿ, ಪದರ ಕರಗಿಸುತ್ತ ಮತ್ತೆ ಮತ್ತೆ ಅಳೆಯಬೇಕು. ಗ್ರೈಂಡರ್ ಹಿಡಿದು ಪದರ ತೆಗೆದರೆ ನೀವೇ ಹಾಕಿದ ಸ್ಟ್ರೆಸ್ ಅಳೆದಂತೆ!

ಅರ್ಧ, ಒಂದು ಮಿಲಿಮೀಟರ್ ಆಳಕ್ಕೆ ತೂತಿನ ವಿಧಾನ ಇದೆ: ತೂತು ಕೊರೆದಾಗ ಸುತ್ತಲಿನ ಬಿಗಿತ ಸಡಿಲಾಗಿ ಲೋಹ ತುಸು ಕದಲುತ್ತದೆ, ಅದನ್ನು ಅಳೆದು ಸ್ಟ್ರೆಸ್ ಲೆಕ್ಕ ಹಾಕುತ್ತಾರೆ. ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಇ 837 ಇದರ ಸ್ಟ್ಯಾಂಡರ್ಡು. ಜಾಗವನ್ನು ಸಿಲಿಕಾನ್ ಕಾರ್ಬೈಡ್ ಕಾಗದದಿಂದ ಕೈಯಲ್ಲೇ ಹಗುರಾಗಿ ಉಜ್ಜಿ, ಜಿಡ್ಡು ತೆಗೆದು, ರೋಸೆಟ್ ಅಂಟಿಸಿ; ಲೋಹ ಎಷ್ಟು ಹಿಗ್ಗಿತು, ಕುಗ್ಗಿತು ಎಂದು ಅಳೆಯುವ ಮೂರು ಗೇಜುಗಳ ಪಟ್ಟಿ ಅದು. ಸರಿ ನಡುವೆ ಏರ್ ಟರ್ಬೈನಿನಿಂದ ಸುಮಾರು 2 ಮಿಲಿಮೀಟರ್ ವ್ಯಾಸದ ತೂತು, 0.05 ಮಿಲಿಮೀಟರಿನ 20 ಹೆಜ್ಜೆಗಳಲ್ಲಿ 1 ಮಿಲಿಮೀಟರ್ ಆಳ. ಪ್ರತಿ ಹೆಜ್ಜೆಗೂ ಕಾವು ಆರಿ ಅಂಕಿ ನಿಂತ ಮೇಲೆ ಬರೆದುಕೊಳ್ಳಿ. ಸಾಮಾನ್ಯ ಡ್ರಿಲ್ಲು ಇಲ್ಲಿ ನಡೆಯದು, ನಿಧಾನ ತಿರುಗಿ ಲೋಹವನ್ನು ತಿಕ್ಕುತ್ತದೆ.

ಎಡವುವುದು ಸಾಮಾನ್ಯವಾಗಿ ಝೀರೋ ಹಿಡಿಯುವಲ್ಲಿ. ಕಟ್ಟರ್ ಮೊದಲು ಗೇಜಿನ ಪ್ಲಾಸ್ಟಿಕ್ಕು ಕೊರೆಯುತ್ತದೆ, ಆಮೇಲೆ ಅಂಟು. ಲೋಹ ತಾಗಿತೇ ಎಂದು ಕಣ್ಣಳತೆಯಲ್ಲಿ ತಿಳಿಯದು. ಕಟ್ಟರಿಗೂ ಜಾಬಿಗೂ ಮಲ್ಟಿಮೀಟರ್ ಜೋಡಿಸಿ, ಬೀಪ್ ಆದಲ್ಲಿ ಝೀರೋ ಇಡಿ. 0.02 ಮಿಲಿಮೀಟರ್ ತಪ್ಪಿದರೂ ಮೊದಲ ಹೆಜ್ಜೆ 0.05 ಬದಲು 0.03 ಅಥವಾ 0.07 ಆಗುತ್ತದೆ, ನಮಗೆ ಬೇಕಾದ ಮೇಲ್ಪದರದ ಲೆಕ್ಕವೇ ಕೆಡುತ್ತದೆ. ತೂತಿನ ನಡು ಸರಿದರೂ ಅಷ್ಟೇ. ಸಾಮಾನ್ಯ ರೋಸೆಟ್‌ಗೆ ಸ್ಟ್ಯಾಂಡರ್ಡು ಬಿಡುವುದು ಆ 0.02 ಮಿಲಿಮೀಟರ್ ಮಾತ್ರ.

ಇನ್ನು ಚಿಹ್ನೆ. ಎಳೆತ ಇದ್ದರೆ ಗೇಜಿನ ಅಂಕಿ ಮೈನಸ್ಸಿಗೆ ಹೋಗುತ್ತದೆ, ಒತ್ತಡ ಇದ್ದರೆ ಪ್ಲಸ್ಸಿಗೆ. ಹೊಸಬರು ಉಲ್ಟಾ ಓದಿ, ಗ್ರೈಂಡಿಂಗಿನ ಕಾವಿಗೆ ಸುಟ್ಟು ಎಳೆತದಲ್ಲಿರುವ ಶಾಫ್ಟನ್ನೇ ಪಾಸು ಮಾಡುತ್ತಾರೆ. ಲೆಕ್ಕ ಹಾಕಿದ ಸ್ಟ್ರೆಸ್ ಈಲ್ಡಿನ, ಅಂದರೆ ಲೋಹ ಕಾಯಂ ಬಾಗಲು ಶುರುವಾಗುವ ಸ್ಟ್ರೆಸ್ಸಿನ, ಶೇಕಡ 80 ದಾಟಿದರೆ ಅಂಕಿ ನಂಬಬೇಡಿ. ತೂತಿನಂಚಿನ ಲೋಹ ಕಾಯಂ ಬಾಗಿ, ಸ್ಟ್ರೆಸ್ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ.

ತೂತು ಬಿದ್ದ ಪೀಸು ಗಿರಾಕಿಗೆ ಹೋಗುವಂತಿಲ್ಲ. ಲಾಟಿನಲ್ಲಿ ಒಂದನ್ನು ಮೊದಲೇ ತೆಗೆದಿಡಿ.