‘ಅಂತೆ’ ಎಂಬ ಪುಟ್ಟ ಪದ

ಕೇಳುಗರೆ, ನಮಸ್ಕಾರ. ಸ್ವಲ್ಪ ಇತ್ತ ಕಿವಿ ಕೊಡಿ.

ನೋಡಿ, ಮಾತು ಶುರುವಾಗುವ ಮೊದಲೇ ಒಂದು ಅಲಂಕಾರ ನುಸುಳಿಬಿಟ್ಟಿತು. ಕಿವಿಯನ್ನು ಯಾರೂ ಕಿತ್ತು ಕೊಡುವುದಿಲ್ಲ, ಅಲ್ವಾ? ತಲೆ ತಿನ್ನುವವರು, ಹೊಟ್ಟೆ ಉರಿಸಿಕೊಳ್ಳುವವರು ದಿನವೂ ನಮ್ಮ ಮಾತಿನಲ್ಲಿ ಓಡಾಡುತ್ತಾರೆ. ನಾವು ಮಾತ್ರ ಅಲಂಕಾರವೆಲ್ಲ ಕವಿಗಳಿಗೆ ಸೇರಿದ್ದು ಎಂದು ಸುಮ್ನೆ ದೂರ ನಿಲ್ಲುತ್ತೇವೆ.

ಶಾಲೆಯಲ್ಲಿ ಅಲಂಕಾರ ಎಂದರೆ ಹೆಸರು, ಲಕ್ಷಣ, ಅದನ್ನು ಉದಾಹರಣೆಗೆ ಹೊಂದಿಸಿ ತೋರಿಸುವ ಸಮನ್ವಯ. ಮೂರನ್ನೂ ಬರೆದರೆ ಅಂಕ. ಉದಾಹರಣೆ ಮಾತ್ರ ಯಾವಾಗಲೂ ಚಂದ್ರನಂಥ ಮುಖ, ತಾವರೆಯಂಥ ಕಣ್ಣು. ಬಳಸಿ ಬಳಸಿ ಸವೆದುಹೋದವು. ಬೇರೆ ಒಂದನ್ನು ತೆಗೆದುಕೊಳ್ಳೋಣ.

“ಅಜ್ಜನ ಕೈ ಬೇರಿನಂತೆ ಗಂಟುಗಂಟಾಗಿತ್ತು.” ಇದು ಉಪಮೆ, ಅಂದರೆ ಹೋಲಿಕೆ. ಕೈ ಉಪಮೇಯ, ಯಾವುದನ್ನು ಹೋಲಿಸುತ್ತೇವೋ ಅದು. ಬೇರು ಉಪಮಾನ, ಯಾವುದಕ್ಕೆ ಹೋಲಿಸುತ್ತೇವೋ ಅದು. ‘ಅಂತೆ’ ಉಪಮಾವಾಚಕ, ಹೋಲಿಕೆಯನ್ನು ಹೇಳುವ ಪದ. ಗಂಟುಗಂಟಾಗಿರುವುದು ಸಮಾನಧರ್ಮ, ಎರಡಕ್ಕೂ ಇರುವ ಗುಣ. ನಾಲ್ಕೂ ಇವೆ, ಹಾಗಾಗಿ ಪೂರ್ಣೋಪಮೆ. ಈಗ ಗಂಟುಗಳನ್ನು ತೆಗೆದುಬಿಡಿ. “ಅಜ್ಜನ ಕೈ ಬೇರಿನಂತಿತ್ತು.” ಇದು ಲುಪ್ತೋಪಮೆ, ನಾಲ್ಕರಲ್ಲಿ ಒಂದು ಬಿಟ್ಟುಹೋದ ಉಪಮೆ. ಕೈ ಒರಟಾಗಿತ್ತೇ? ಮಣ್ಣಿನ ಬಣ್ಣಕ್ಕಿತ್ತೇ? ಹಿಡಿದದ್ದನ್ನು ಬಿಡುತ್ತಿರಲಿಲ್ಲವೇ? ಕೇಳುವವರೇ ತುಂಬಿಕೊಳ್ಳಬೇಕು. ನನಗಂತೂ ಇದೇ ಜಾಸ್ತಿ ಇಷ್ಟ.

‘ಅಂತೆ’ಯನ್ನೂ ಕಿತ್ತುಹಾಕಿದರೆ? “ಅಜ್ಜನ ಕೈಬೇರು ಊರುಗೋಲನ್ನು ಸುತ್ತಿಕೊಂಡಿತ್ತು.” ಈಗ ಹೋಲಿಕೆಯ ಮಾತೇ ಇಲ್ಲ, ಕೈಯೇ ಬೇರು. ರೂಪಕ ಎಂದರೆ ಇದು. ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎನ್ನುತ್ತಾರಲ್ಲ, ಆ ಬಿರುದೂ ಒಂದು ರೂಪಕವೇ!

ಇನ್ನೊಂದು ವಾಕ್ಯ. “ಕೈ ಸಡಿಲಿಸಿದರೆ ಒಣಗಿಬಿಡುತ್ತೇನೋ ಎಂಬಂತೆ ಅಜ್ಜ ಊರುಗೋಲನ್ನು ಬಿಗಿಯಾಗಿ ಹಿಡಿದಿದ್ದ.” ಇಂಥ ಕಡೆ ‘ಅಂತೆ’ ಕಂಡಿತೆಂದು ಉಪಮೆ ಎಂದು ಬರೆದು ನಾನೂ ಅಂಕ ಕಳೆದುಕೊಂಡಿದ್ದೇನೆ. ಇಲ್ಲಿ ಎರಡು ವಸ್ತುಗಳನ್ನು ಹೋಲಿಸಿಲ್ಲ. ಬಿಗಿಯಾಗಿ ಹಿಡಿದದ್ದಕ್ಕೆ ಇಲ್ಲದ ಕಾರಣವೊಂದನ್ನು ಕಲ್ಪಿಸಿದೆ. ಇದು ಉತ್ಪ್ರೇಕ್ಷೆ. ದಿನದ ಮಾತಿನಲ್ಲಿ ಉತ್ಪ್ರೇಕ್ಷೆ ಎಂದರೆ ಇದ್ದದ್ದಕ್ಕೆ ಬಣ್ಣ ಕಟ್ಟುವುದು. ಅಲಂಕಾರಶಾಸ್ತ್ರದಲ್ಲಿ ಆ ಕೆಲಸ ಅತಿಶಯೋಕ್ತಿಯದು. ಗೊಂದಲ ಆಗುವುದೇ ಇಲ್ಲಿ.

ಇವೆಲ್ಲ ಅರ್ಥದ ಆಟ. ಶಬ್ದದ ಆಟಕ್ಕಾದರೆ ಬಾನುಲಿಯೇ ಸರಿಯಾದ ಜಾಗ. ಕಣ್ಣು ಮುಚ್ಚಿ ಕೇಳಿ. “ಎಳೆಯ ಬಿಸಿಲು ಹೊಳೆಯ ಬಳಿ ಸುಳಿಯಿತು.” ‘ಳ’ ಮತ್ತೆ ಮತ್ತೆ ಬಂತು, ವೃತ್ತ್ಯನುಪ್ರಾಸ. ಇದನ್ನೇ “ಬೆಳಗಿನ ಸೂರ್ಯನ ಕಿರಣ ನದಿಯ ದಡಕ್ಕೆ ಬಂತು” ಎಂದು ಹೇಳಿ ನೋಡಿ. ವಿಷಯ ತಲುಪಿತು. ಹೊಳೆ ಮಾತ್ರ ಹರಿಯಲಿಲ್ಲ.

ನಮಸ್ಕಾರ.