ಮ್ಯಾಚ್‌ಬುಕ್ಕಿನ ಸಣ್ಣಕ್ಷರಗಳು

ಸ್ನೇಹಿತರೇ, ಅಮೆರಿಕದ ಹೋಟೆಲುಗಳು ಗಿರಾಕಿಗಳಿಗೆ ಪುಕ್ಕಟೆ ಕೊಡುತ್ತಿದ್ದ ಮ್ಯಾಚ್‌ಬುಕ್ ನಿಮಗೆ ಗೊತ್ತಿರಬಹುದು. ಇದು ಬೆಂಕಿಪೊಟ್ಟಣವಲ್ಲ. ಮಡಚಿದ ತೆಳು ರಟ್ಟು, ಒಳಗೆ ಪಿನ್ನು ಹೊಡೆದು ಕೂರಿಸಿದ ಕಾಗದದ ಕಡ್ಡಿಗಳು, ಅಷ್ಟೇ. ಪೆನ್ಸಿಲ್ವೇನಿಯಾದ ವಕೀಲ ಜೋಶುವಾ ಪ್ಯುಸಿ 1892ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮುಂದೆ ಡೈಮಂಡ್ ಮ್ಯಾಚ್ ಕಂಪನಿ ಅದನ್ನು ಕೊಂಡುಕೊಂಡಿತು. ಕಡ್ಡಿ ಮುಗಿಯುವವರೆಗೂ ಜೇಬಿನಲ್ಲೇ ಓಡಾಡುವ ಜಾಹೀರಾತು ಯಾವ ಹೋಟೆಲಿನವನಿಗೆ ಬೇಡ?

ಸಂಗ್ರಾಹಕರು ಮೇಲಿನ ಬಣ್ಣದ ಚಿತ್ರಕ್ಕೆ ಮರುಳಾಗುತ್ತಾರೆ. ಮುಚ್ಚಿಹೋದ ಹೋಟೆಲನ್ನು ಹುಡುಕುವವರು ಸಣ್ಣಕ್ಷರ ಓದಬೇಕು.

ಒಂದು ಮ್ಯಾಚ್‌ಬುಕ್ಕಿನ ಹೊದಿಕೆ, ಅಂದರೆ ಹೊರಗಿನ ರಟ್ಟು, ಕೈಯಲ್ಲಿದೆ ಅಂದುಕೊಳ್ಳಿ. ಹೋಟೆಲಿನ ಹೆಸರಿನ ಕೆಳಗೆ 'ಕಾಕ್‌ಟೇಲ್ಸ್' ಎಂದಿದೆ. ಅಮೆರಿಕದ ಪಾನನಿಷೇಧ 1933ರ ಡಿಸೆಂಬರಿನಲ್ಲಿ ರದ್ದಾಯಿತು, ಆದ್ದರಿಂದ ಇದು ಬಹುತೇಕ ಅದರ ನಂತರದ್ದು. ಊರಿನ ಹೆಸರಿನ ಪಕ್ಕ ಎರಡಂಕಿಯ ಅಂಚೆ ವಲಯವಿದ್ದರೆ 1943ರಿಂದ ಈಚೆಗೆ; ನಮ್ಮ ಪಿನ್ ಕೋಡಿನಂಥ ಐದಂಕಿಯ ಜಿಪ್ ಕೋಡ್ ಇದ್ದರೆ 1963ರಿಂದ ಈಚೆಗೆ. ಫೋನ್ ನಂಬರು ಎರಡು ಅಕ್ಷರದಿಂದ ಶುರುವಾದರೆ ಇನ್ನೂ ಒಳ್ಳೆಯದು, ಏಕೆಂದರೆ ಅವು ಟೆಲಿಫೋನ್ ಎಕ್ಸ್‌ಚೇಂಜಿನ ಹೆಸರಿನ ಮೊದಲಕ್ಷರಗಳು, ಆ ಹೆಸರು ಎಷ್ಟೋ ಸಲ ಬಡಾವಣೆಯ ಗುರುತೂ ಹೌದು. ಕಡ್ಡಿ ಗೀರುವ ಪಟ್ಟಿ ಮುಂಬದಿಯಲ್ಲಿದೆಯೋ ಹಿಂಬದಿಯಲ್ಲಿದೆಯೋ ನೋಡಿ: ಸುರಕ್ಷತೆಯ ಕಾರಣಕ್ಕೆ 1970ರ ದಶಕದಲ್ಲಿ ಅದು ಹಿಂದಕ್ಕೆ ಹೋಯಿತು.

ಆದರೆ ಇಲ್ಲೊಂದು ಎಚ್ಚರ. ಇರುವ ಗುರುತು ಸಾಕ್ಷಿಯಾಗುತ್ತದೆ, ಇಲ್ಲದ ಗುರುತು ಆಗುವುದಿಲ್ಲ. ನ್ಯೂಯಾರ್ಕಿನ ಸಿಕ್ಸ್ತ್ ಅವೆನ್ಯೂಗೆ 1945ರಲ್ಲಿ 'ಅವೆನ್ಯೂ ಆಫ್ ದಿ ಅಮೆರಿಕಾಸ್' ಎಂದು ಹೊಸ ಹೆಸರಿಟ್ಟರು. ಹೊಸ ಹೆಸರು ಅಚ್ಚಾಗಿದ್ದರೆ ಕಾಲ ಸ್ಪಷ್ಟ. ಹಳೆಯದಿದ್ದರೆ ಏನೂ ಹೇಳಲಾಗದು; ಜನ ಇವತ್ತಿಗೂ ಸಿಕ್ಸ್ತ್ ಅಂತಲೇ ಕರೆಯುತ್ತಾರೆ. ಸರ್ಕಾರ ಇಟ್ಟ ಹೆಸರು ಯಾವ ಊರಲ್ಲಿ ತಾನೇ ಅಷ್ಟು ಬೇಗ ಬಾಯಿಗೆ ಬಂದಿದೆ!

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ದಾರಿ ಹೇಳುವ ಸಾಲು: 'ಸ್ಟೇಷನ್ ಎದುರು', 'ರೈಲು ಇಳಿದರೆ ಎರಡೇ ಹೆಜ್ಜೆ'. ಮ್ಯಾನ್‌ಹ್ಯಾಟನ್ನಿನ ಥರ್ಡ್ ಅವೆನ್ಯೂದಲ್ಲಿ ಕಂಬಗಳ ಮೇಲಿನ ಹಳಿಯಲ್ಲಿ ಓಡುತ್ತಿದ್ದ ರೈಲು 1955ರಲ್ಲಿ ನಿಂತಿತು, ಕಂಬಗಳನ್ನು ಕಿತ್ತರು, ಬೀದಿಗೆ ಬಿಸಿಲು ಬಿತ್ತು. ಆ ರೈಲನ್ನೇ ಗುರುತು ಹೇಳುವ ಹೊದಿಕೆ ಸಿಕ್ಕರೆ, ಗಿರಾಕಿಗಳು ಎಲ್ಲಿಂದ ಇಳಿದು ಬರುತ್ತಿದ್ದರು ಎಂಬುದೂ ತಿಳಿಯುತ್ತದೆ. ಕಟ್ಟಡದ ದಾಖಲೆಯಲ್ಲಿ ಇದು ಸಿಗುವುದಿಲ್ಲ.

ಮುಂದಿನ ಕೆಲಸ ಗ್ರಂಥಾಲಯದ್ದು. ವಿಳಾಸ ಹಿಡಿದು ಬೇರೆ ಬೇರೆ ವರ್ಷದ ನಗರ ಡೈರೆಕ್ಟರಿಗಳನ್ನೂ (ಯಾವ ವಿಳಾಸದಲ್ಲಿ ಯಾರಿದ್ದರೆಂಬ ಪಟ್ಟಿ) ಸ್ಯಾನ್‌ಬಾರ್ನ್ ಅಗ್ನಿವಿಮೆ ನಕ್ಷೆಗಳನ್ನೂ (ವಿಮೆಯವರಿಗಾಗಿ ಒಂದೊಂದು ಕಟ್ಟಡವನ್ನೂ ಗುರುತಿಸಿದ ನಕ್ಷೆ) ಪಕ್ಕಪಕ್ಕ ಇಟ್ಟು ನೋಡಿ. ಅದೇ ಬಾಗಿಲಿಗೆ ಬೇರೆಯವರ ಹೆಸರು ಬರುತ್ತದೆ, ಆಮೇಲೆ ಆ ಬಾಗಿಲ ನಂಬರೇ ಕಾಣೆಯಾಗುತ್ತದೆ. ಮೂರು ನಾಲ್ಕು ಅಂಗಡಿಗಳನ್ನು ಕೆಡವಿ ಒಂದೇ ಕಟ್ಟಡ ಎಬ್ಬಿಸಿದ್ದಾರೋ, ಪಾರ್ಕಿಂಗಿಗೆ ಬಿಟ್ಟಿದ್ದಾರೋ ಎಂಬುದು ನಕ್ಷೆಯಲ್ಲೇ ಗೊತ್ತಾಗುತ್ತದೆ.

ಹಾಗಂತ ಪ್ರತಿ ಹೋಟೆಲೂ ಮ್ಯಾಚ್‌ಬುಕ್ಕಿನಿಂದ ಸಿಗುತ್ತದೆಂದು ತಿಳಿಯಬೇಡಿ. ಸಣ್ಣ ಊಟದಂಗಡಿಯವರು ಎಷ್ಟೋ ಜನ ಬರೀ 'ಥ್ಯಾಂಕ್ ಯೂ' ಎಂದು ಅಚ್ಚಾದ ರೆಡಿಮೇಡ್ ಹೊದಿಕೆಗಳನ್ನೇ ಕೊಡುತ್ತಿದ್ದರು. ಅವು ರಾಶಿರಾಶಿ ಉಳಿದಿವೆ, ಯಾವ ಬೀದಿಯವು ಎಂದು ಮಾತ್ರ ಹೇಳುವಂತಿಲ್ಲ.